ಪುಟ್ಟ ಕಾರಿಗೆ ರೆಕ್ಕೆಯ ಭಾರ

ಇಂಗ್ಲೆಂಡಿನ ಗ್ಲೈಡರ್ ಹುಚ್ಚರಿಗೆ ಎಂಜಿನ್ ಬೇಡವೆಂದವರು ಯಾರು? ಬಿಸಿಗಾಳಿ ಕೈಕೊಟ್ಟಿತೋ, ಮಹಾಶಯರು ಯಾರದೋ ಹೊಲದಲ್ಲಿಳಿದು ಮನೆಗೆ ಫೋನ್ ಹಚ್ಚುತ್ತಾರೆ. ಹೆಂಡತಿಯೋ ಗೆಳೆಯನೋ ಕಾರಿಗೆ ಟ್ರೈಲರ್ ಸಿಕ್ಕಿಸಿಕೊಂಡು ಹೊರಡಬೇಕು.

15 ಮೀಟರ್ ರೆಕ್ಕೆಯನ್ನು ಎರಡಾಗಿ ಬಿಚ್ಚಿಟ್ಟರೂ ಟ್ರೈಲರ್ 8–9 ಮೀಟರ್ ಉದ್ದ. ಎಳೆಯುವ ಕಾರು 4 ಮೀಟರ್. ಇಲಿಯ ಬಾಲಕ್ಕೆ ಹೆಬ್ಬಾವು ಕಟ್ಟಿದಂತೆ! ಟ್ರೈಲರಿನ ಒಟ್ಟು ಭಾರ ಕಾರಿನ ತೂಕದ ಶೇ. 85 ಮೀರದಿರಲಿ ಎಂಬುದು ಅಲ್ಲಿನ ಸಲಹೆ. ಆದರೆ ಇಲ್ಲಿ ತಂಟೆ ತೂಕದ್ದಲ್ಲ, ಉದ್ದದ್ದು. ಅಡ್ಡಗಾಳಿ ಬೀಸಿದರೆ, ದೊಡ್ಡ ಲಾರಿ ಪಕ್ಕದಲ್ಲಿ ಹಾದರೆ ಹಿಂಭಾಗ ಓಲಾಡತೊಡಗುತ್ತದೆ. ಕೊಂಡಿಯ ಮೇಲೆ ಮುಂಭಾರ ಕಡಿಮೆಯಿದ್ದರಂತೂ ಕೇಳುವುದೇ ಬೇಡ. ಆಗ ಗಕ್ಕನೆ ಬ್ರೇಕ್ ಒತ್ತುವುದೂ ತಪ್ಪು, ವೇಗ ಹೆಚ್ಚಿಸಿ ನೆಟ್ಟಗಾಗಿಸುವ ಶೌರ್ಯವೂ ತಪ್ಪು. ಆಕ್ಸಿಲರೇಟರ್‌ನಿಂದ ಕಾಲೆತ್ತಿ, ಸ್ಟಿಯರಿಂಗ್ ನೇರ ಹಿಡಿದು ಸುಮ್ಮನಿರಬೇಕು. ಪಕ್ಕದಲ್ಲಿ ಪೈಲಟ್ ಕೂತಿದ್ದರೆ ಸುಮ್ಮನಿರುವುದು ಸುಲಭವಲ್ಲ. ಆಕಾಶದಲ್ಲಿ ಗಾಳಿಯನ್ನು ಪಳಗಿಸಿದವರು ನೆಲದ ಗಾಳಿಗೂ ಉಪದೇಶ ಕೊಡುತ್ತಾರೆ.

ಟೈರು ನೋಡಿಕೊಳ್ಳಿ. ವರ್ಷವಿಡೀ ನಿಂತೇ ಇರುವ ಟ್ರೈಲರಿನ ಟೈರು ಸವೆಯುವುದಿಲ್ಲ, ಹೊಸದರಂತೆ ಕಾಣುತ್ತಲೇ ಬಿರುಕು ಬಿಡುತ್ತದೆ. ಮೋಟಾರ್‌ವೇನಲ್ಲಿ ಗಂಟೆಗೆ 60 ಮೈಲಿಯೇ ಮಿತಿ, ಮೂರು ಲೇನಿದ್ದರೆ ಬಲತುದಿಯದು ನಿಷಿದ್ಧ.

ಕರೆದು ತಂದವರಿಗೆ ಪೈಲಟ್ ರಾತ್ರಿಯೂಟ ಕೊಡಿಸಬೇಕೆಂಬ ಸಂಪ್ರದಾಯವಿದೆ. 9 ಮೀಟರ್ ಬಾಲವನ್ನು ಹೋಟೆಲಿನಂಗಳದಲ್ಲಿ ಎಲ್ಲಿ ನಿಲ್ಲಿಸಬೇಕೆಂದು ಮಾತ್ರ ಸಂಪ್ರದಾಯ ಹೇಳುವುದಿಲ್ಲ.