ಪಾಪರ್ ಆಟಕ್ಕೂ ಹೊಸ ಕಟ್ಟು

ಇಸ್ಪೀಟಿನ ಕಟ್ಟಿಗೆ 52 ಎಲೆ. ನಮ್ಮಜ್ಜ ಹಬ್ಬದ ರಾತ್ರಿ ಜಗಲಿಯಲ್ಲಿ ಆಡಿದ್ದೂ ಅಷ್ಟರಲ್ಲೇ, ಈಗ ದೆಹಲಿಯ ಓಖ್ಲಾದ ನಮ್ಮ ಪ್ರೆಸ್ಸಿನಲ್ಲಿ ಕರೆಂಟು ಹೋಗಿ ಮಷೀನು ನಿಂತಾಗ ಬೈಂಡಿಂಗ್ ಹುಡುಗರು ರದ್ದಿ ಬಂಡಲಿನ ಮೇಲೆ ಕೂತು ಆಡುವುದೂ ಅಷ್ಟರಲ್ಲೇ. "ಈ ತಿಂಗಳು ಹೊಸ ರಾಜ ಬಂದಿದ್ದಾನೆ, ಹಳೇ ಎಕ್ಕ ಇನ್ನು ನಡೆಯೋದಿಲ್ಲ" ಅಂತ ಅವರಲ್ಲಿ ಯಾರಾದರೂ ಅಂದು ನೋಡಲಿ, ಕಾಲರ್ ಹಿಡಿಯುತ್ತಾರೆ.

ನಮ್ಮಕ್ಕನ ಮಗ ಆಡುವ ಆಟದಲ್ಲಿ ಹಾಗೆ ಅನ್ನುವುದು ಸಾಕ್ಷಾತ್ ಕಂಪನಿ. ಅನ್ನಿಸಿಕೊಳ್ಳುವುದಕ್ಕೆ ದುಡ್ಡು ಕೊಡುವವನು ಇವನು. ಬ್ಯಾರೇಜ್ ದಾಟಿ ನೋಯ್ಡಾದಲ್ಲಿ ಕೆಲಸ, ವಾಸ ನಮ್ಮಲ್ಲಿ, ಭಾನುವಾರ ನಮ್ಮ ಊಟದ ಮೇಜು ಅವನ ಮತ್ತು ಅವನ ಗೆಳೆಯರ ಸ್ವತ್ತು. ಅವತ್ತು ನಾವು ಗಂಡ ಹೆಂಡಿರು ತಟ್ಟೆ ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತೇವೆ.

ಆಟದ ಹೆಸರು ಮ್ಯಾಜಿಕ್: ದ ಗ್ಯಾದರಿಂಗ್. 1993ರಲ್ಲಿ ರಿಚರ್ಡ್ ಗಾರ್ಫೀಲ್ಡ್ ಎಂಬ ಅಮೆರಿಕದ ಗಣಿತದ ಮೇಷ್ಟ್ರು ಹುಟ್ಟಿಸಿದ್ದು. ವಿಜರ್ಡ್ಸ್ ಆಫ್ ದ ಕೋಸ್ಟ್ ಎಂಬ ಕಂಪನಿ ಮಾರುತ್ತದೆ. ಪೊಟ್ಟಣ ಒಡೆದರೆ ಒಳಗೆ ಯಾವ ಎಲೆ ಇದೆಯೋ ಆ ಬ್ರಹ್ಮನಿಗೇ ಗೊತ್ತು. ಎಲೆಯ ಮೇಲೊಂದು ಪುಟ್ಟ ಮುದ್ರೆ. ಅದು ಕಪ್ಪಾಗಿದ್ದರೆ ಕಾಮನ್, ಬೆಳ್ಳಿಯಾದರೆ ಅನ್‌ಕಾಮನ್, ಚಿನ್ನವಾದರೆ ರೇರ್. ಅದಕ್ಕೂ ಮೇಲೆ ಇನ್ನೊಂದಿದೆ, ಕೆಂಪು ಕಿತ್ತಳೆ. ಮೇಲಿನ ಅಂತಸ್ತಿನವರ ಸುದ್ದಿ ಕೇಳಬಾರದು. ಬ್ಲ್ಯಾಕ್ ಲೋಟಸ್ ಎಂಬ ಒಂದೇ ಒಂದು ಎಲೆಗೆ 8 ಲಕ್ಷ ಡಾಲರ್ ಕೊಟ್ಟೆ ಅಂತ ಪೋಸ್ಟ್ ಮಲೋನ್ ಎಂಬ ಗಾಯಕ 2022ರಲ್ಲಿ ಹೇಳಿಕೊಂಡ. ಇದನ್ನು ಕೇಳಿ ನನ್ನ ಹೆಂಡತಿ, "ಅದರಲ್ಲಿ ಊಟ ಬಡಿಸ್ತಾರಾ?" ಅಂದಳು.

ಇಂಥವರ ಸಹವಾಸವೇ ಬೇಡ ಎಂದವರು ಮಾಡಿಕೊಂಡ ಪಂಗಡ ಪಾಪರ್. ಹೆಸರಿಗೆ ತಕ್ಕ ಹಾಗೆ, ಎಂದಾದರೂ ಒಮ್ಮೆ ಕಾಮನ್ ಆಗಿ ಬಿಡುಗಡೆಯಾದ ಎಲೆಗಳಿಗೆ ಮಾತ್ರ ಒಳಗೆ ಪ್ರವೇಶ. ಕಡಿಮೆಯೆಂದರೆ 60 ಎಲೆಯ ಕಟ್ಟು, ಪಕ್ಕಕ್ಕೆ ಹೆಚ್ಚೆಂದರೆ 15. ಕಂಪ್ಯೂಟರಿನಲ್ಲಿ ಆಡುವವರಿಗೊಂದು, ಮೇಜಿನ ಮೇಲೆ ಆಡುವವರಿಗೊಂದು ಅಂತಿದ್ದ ಎಲೆಪಟ್ಟಿಯನ್ನು ಕಂಪನಿ 2019ರಲ್ಲಿ ಒಂದೇ ಮಾಡಿತು. "ಮಾಮ, ಇದು ಬಡವರ ಆಟ" ಅಂತ ಅಕ್ಕನ ಮಗ ನನಗೆ ಸಮಾಧಾನ ಹೇಳುತ್ತಿದ್ದಾಗಲೇ ಫೋನಿನಲ್ಲಿ ಒಟಿಪಿ ಬಂತು.

ನಾನು ಇಂಡಸ್ಟ್ರಿಯಲ್ ಏರಿಯಾದ ಎರಡನೇ ಫೇಸಿನ ಆಫ್‌ಸೆಟ್ ಪ್ರೆಸ್ಸೊಂದರಲ್ಲಿ ಜೀವ ತೇಯ್ದವನು. ಔಷಧಿ ಡಬ್ಬಿ, ಮದುವೆ ಕಾರ್ಡು, ಚುನಾವಣೆ ಬಂದರೆ ಪೋಸ್ಟರು. ಹಾಗಾಗಿ ಅವನು ಹುಲಿ, ಭೂತ, ಮಂತ್ರವಾದಿ ನೋಡುವ ಕಡೆ ನಾನು ನೋಡುವುದು ಶೀಟು. ಒಂದು ಎಲೆಯನ್ನು ಟ್ಯೂಬ್‌ಲೈಟಿಗೆ ಹಿಡಿದೆ, ಭೂತಗನ್ನಡಿ ಇಟ್ಟೆ. ಅದೇ ನಾಲ್ಕು ಬಣ್ಣದ ಚುಕ್ಕಿ. ಹರಿದ ಒಂದು ಎಲೆಯ ಅಂಚಿನಲ್ಲಿ ಎರಡು ಪದರದ ನಡುವೆ ನೀಲಿ ಗೆರೆ. ಬೆಲ್ಜಿಯಮ್ಮಿನ ಕಾರ್ಟಾ ಮುಂಡಿ ಎಂಬ ಅಚ್ಚುಕೂಟದ ಕೆಲಸ ಕಣ್ಣಿಗೆ ಒತ್ತಿಕೊಳ್ಳುವ ಹಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಮೊದಲ ಕಾಲದ ಶೀಟಿನಲ್ಲಿ 11 ಸಾಲು, ಸಾಲಿಗೆ 11 ಎಲೆ, ಒಟ್ಟು 121. ಕಾಮನ್ನಿಗೂ ರೇರಿಗೂ ಅದೇ ಬೋರ್ಡು, ಅದೇ ಇಂಕು, ಅದೇ ಕಟಿಂಗು. ಆದರೆ 15 ಎಲೆಯ ಪೊಟ್ಟಣಕ್ಕೆ ಕಾಮನ್ 11 ಹಾಕು, ಅನ್‌ಕಾಮನ್ 3 ಹಾಕು, ರೇರ್ ಒಂದೇ ಹಾಕು. ಮುಗಿಯಿತು, ಜಾತಿ ಹುಟ್ಟಿತು. ಪ್ಯಾಕಿಂಗ್ ಟೇಬಲ್ಲಿನಲ್ಲಿ ಹುಟ್ಟಿದ ಶ್ರೀಮಂತಿಕೆಗೆ ಜನ ಲಕ್ಷಗಟ್ಟಲೆ ಡಾಲರ್ ಸುರಿಯುವುದನ್ನು ನೋಡಿದರೆ, ಇಷ್ಟು ವರ್ಷ ಔಷಧಿ ಡಬ್ಬಿ ಯಾಕಾದರೂ ಮಾಡಿದೆವೋ ಅನಿಸುತ್ತದೆ.

ಇರಲಿ. ಬಡವರ ಆಟಕ್ಕೆ ಕುತ್ತು ಬರುವುದು ದುಬಾರಿ ಎಲೆಯಿಂದಲ್ಲ ಎಂಬುದು ನಾನು ತಟ್ಟೆ ತೊಡೆಯ ಮೇಲಿಟ್ಟುಕೊಂಡು ಕಂಡುಕೊಂಡ ಸತ್ಯ. ದುಬಾರಿ ಎಲೆಗೆ ಬಾಗಿಲಲ್ಲೇ ತಡೆ ಇದೆ. ಕುತ್ತು ಬರುವುದು ಹೊಸ ಎಲೆಯಿಂದ, ಅದೂ ಪೊಟ್ಟಣದಲ್ಲಿ ರಾಶಿಯಾಗಿ ಸಿಗುವ ಕಾಸಿಗೆ ಬಾಳದ ಎಲೆಯಿಂದ.

ಅಳಿಲಿನ ಕಥೆ ಕೇಳಿ. ಜೂನ್ 2021ರಲ್ಲಿ ಮಾಡರ್ನ್ ಹೊರೈಜನ್ಸ್ 2 ಎಂಬ ಕಂತು ಬಂತು. ಅದರಲ್ಲಿ ಚಾಟರ್‌ಸ್ಟಾರ್ಮ್ ಎಂಬ ಕಾಮನ್ ಎಲೆ. ಇಳಿಸಿದರೆ ಒಂದು ಅಳಿಲು ಬರುತ್ತದೆ. ಅಳಿಲು ಏನು ಮಾಡೀತು, ಬಲ ಒಂದು, ಜೀವ ಒಂದು. ಆದರೆ ಅದೇ ಸರದಿಯಲ್ಲಿ ಅದಕ್ಕೂ ಮುಂಚೆ ಎಷ್ಟು ಮಂತ್ರ ಇಳಿದಿವೆಯೋ ಅಷ್ಟು ನಕಲು ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಇದೆ. ನಮ್ಮ ಮೇಜಿನಲ್ಲಿ ಎದುರಿಗೆ ಕೂತಿದ್ದ ಹುಡುಗ ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಪುಡಿ ಎಲೆ ಇಳಿಸುತ್ತಾ ಹೋದ. ಹತ್ತಾದ ಮೇಲೆ ಅಳಿಲು ಬಿಟ್ಟ, ಹನ್ನೊಂದು ಅಳಿಲು. ನನ್ನ ಹೆಂಡತಿ ಡಬ್ಬಿಯಿಂದ ಕಡಲೆಬೀಜ ತಂದುಕೊಟ್ಟಳು, ಎಣಿಸಿ ಇಡಲು. ಹೊಸದಾಗಿ ಬಂದ ಜೀವ ಅದೇ ಸರದಿಯಲ್ಲಿ ಹೊಡೆಯುವಂತಿಲ್ಲ ಎಂಬ ನಿಯಮ ನಂಬಿ ನಮ್ಮವನು ನೆಮ್ಮದಿಯಾಗಿ ಕೂತಿದ್ದ. ಆ ಹುಡುಗ ಅಳಿಲಿಗೂ ಮುಂಚೆಯೇ ಫಸ್ಟ್ ಡೇ ಆಫ್ ಕ್ಲಾಸ್ ಎಂಬ ಇನ್ನೊಂದು ಕಾಮನ್ ಇಳಿಸಿಟ್ಟಿದ್ದ. ಅದೂ ಅದೇ ವರ್ಷದ ಸರಕು, ಸ್ಟ್ರಿಕ್ಸ್‌ಹೇವನ್ ಕಂತಿನದು. ಅದರ ಪ್ರಕಾರ ಆ ಸರದಿಯಲ್ಲಿ ಹುಟ್ಟಿದ್ದೆಲ್ಲ ಒಂದು ಸುತ್ತು ದಪ್ಪ, ಮತ್ತು ಹುಟ್ಟಿದ ತಕ್ಷಣ ಓಡಬಹುದು. ಹನ್ನೊಂದು ಅಳಿಲು, ತಲೆಗೆ ಎರಡರ ಪೆಟ್ಟು, ಇಪ್ಪತ್ತೆರಡು. ನಮ್ಮವನ ಆಯುಷ್ಯ ಇಪ್ಪತ್ತು. ಸೋತವನು ಕಡಲೆಬೀಜ ತಿಂದ.

ಸೆಪ್ಟೆಂಬರಿಗೆ ಆ ಎಲೆಗೆ ನಿಷೇಧ ಬಿತ್ತು. ಅಷ್ಟರಲ್ಲಿ ನಮ್ಮವನೂ ನಾಲ್ಕು ಅಳಿಲಿನ ಎಲೆ ತರಿಸಿದ್ದ.

ಅದಕ್ಕೂ ಮೊದಲಿನದು ಆರ್ಕಮ್ಸ್ ಆಸ್ಟ್ರೋಲೇಬ್. 2019ರ ಜೂನಿನಲ್ಲಿ ಬಂದು ಅಕ್ಟೋಬರಿನಲ್ಲಿ ಹೊರಬಿತ್ತು. ಯಾವ ಬಣ್ಣದ ಶಕ್ತಿಯನ್ನಾದರೂ ಯಾವ ಬಣ್ಣಕ್ಕಾದರೂ ತಿರುಗಿಸಿಕೊಡುವ ಪುಟ್ಟ ಯಂತ್ರ. ಎಲ್ಲರ ಕಟ್ಟೂ ಎಲ್ಲ ಬಣ್ಣದ ಕಲಸುಮೇಲೋಗರ ಆಯಿತು. 2022ರ ಜೂನಿನಲ್ಲಿ ಬಂದ ಬಾಲ್ಡರ್ಸ್ ಗೇಟ್ ಕಂತಿನ ಫಜೀತಿ ಇನ್ನೂ ಸೊಗಸು. ಅದು ನಾಲ್ಕು ಜನ ಸುತ್ತ ಕೂತು ಆಡುವ ಕಮಾಂಡರ್ ಎಂಬ ಪಂಗಡಕ್ಕೆ ಮಾಡಿದ್ದು. ಅದರಲ್ಲಿ 'ಇನಿಷಿಯೇಟಿವ್' ಎಂಬ ಅಧಿಕಾರ ಇದೆ. ಕೈಗೆ ಬಂದವನಿಗೆ ಪ್ರತಿ ಸರದಿಗೆ ಪುಕ್ಕಟೆ ಲಾಭ. ನಾಲ್ವರಿದ್ದಾಗ ಉಳಿದ ಮೂವರು ಸೇರಿ ಅದನ್ನು ಕಿತ್ತುಕೊಳ್ಳುತ್ತಾರೆ. ಪಾಪರ್ ಆಟದಲ್ಲಿ ಇರುವವರೇ ಇಬ್ಬರು. ಮೊದಲು ಹಿಡಿದವನ ಕೈಯಿಂದ ಬಿಡಿಸುವವರಿಲ್ಲ. ಸೆಪ್ಟೆಂಬರಿನಲ್ಲಿ ಅಂಥ ನಾಲ್ಕು ಎಲೆ ಒಟ್ಟಿಗೆ ಹೊರಗೆ.

ಕಂಪನಿಯದೂ ತಪ್ಪೆನ್ನಲಾರೆ. ಕಾಮನ್ ಎಲೆ ಮಾಡುವವನ ಕಣ್ಣ ಮುಂದಿರುವುದು ಪೊಟ್ಟಣ ಒಡೆದು ಅಲ್ಲೇ ಕಟ್ಟು ಜೋಡಿಸಿಕೊಂಡು ಅಲ್ಲೇ ಆಡುವ ಮಂದಿ. ಅಲ್ಲಿ ಅಳಿಲು ಅಳಿಲೇ. ಅದಕ್ಕೆ 1993ರಿಂದ ಬಂದ ಸಾವಿರಾರು ಕಾಮನ್‌ಗಳ ಸಂಗ ಸಿಕ್ಕಿದಾಗಲೇ ತಲೆ ತಿರುಗುವುದು.

ಇನ್ನೊಂದು ಥರ ಬೇರೆ ಇದೆ, ಹಿಂಬಡ್ತಿ. ಮೇಲಿನ ಅಂತಸ್ತಿನಲ್ಲಿ ಹುಟ್ಟಿದ ಎಲೆಯನ್ನು ಹೊಸ ಕಂತಿನಲ್ಲಿ ಕಾಮನ್ ಮಾಡಿ ಬಿಡುವುದು. ಜಿಲ್ಲಾಧಿಕಾರಿಯನ್ನು ನಾಡಕಚೇರಿಗೆ ವರ್ಗ ಮಾಡಿದ ಹಾಗೆ. ಪದವಿ ಇಳಿದೀತು, ಗತ್ತು ಇಳಿಯುತ್ತದೆಯೇ? ಮೊನಾಸ್ಟರಿ ಸ್ವಿಫ್ಟ್‌ಸ್ಪಿಯರ್ 2014ರಲ್ಲಿ ಅನ್‌ಕಾಮನ್, 2022ರಲ್ಲಿ ಕಾಮನ್, 2023ರ ಮೇ ತಿಂಗಳಲ್ಲಿ ನಿಷಿದ್ಧ. ಆಲ್ ದಟ್ ಗ್ಲಿಟರ್ಸ್ 2023ರಲ್ಲಿ ಕೆಳಗಿಳಿದು 2024ರ ಮೇ ತಿಂಗಳಲ್ಲಿ ಹೊರನಡೆಯಿತು. ಹೊಸದಾಗೇ ಹುಟ್ಟಿದ ಕ್ರೇನಿಯಲ್ ರ‍್ಯಾಮ್ ಅಂತೂ 2024ರ ಮಾಡರ್ನ್ ಹೊರೈಜನ್ಸ್ 3ರಲ್ಲಿ ಅಂಗಡಿಗೆ ಬರುವ ಮೊದಲೇ ನಿಷೇಧವಾಯಿತು. ಹೀಗೆ ಮೂಗುದಾರ ಹಾಕಲು ಜನವರಿ 2022ರಿಂದ ಏಳು ಜನರ ಪಂಚಾಯ್ತಿಯೊಂದಿದೆ. ಕಂಪನಿಯ ಗ್ಯಾವಿನ್ ವರ್ಹೆ ಮುಂದಾಳು, ಉಳಿದವರು ಪಾಪರ್ ಬಲ್ಲ ಆಟಗಾರರು. ಕಂಪನಿಯೇ ಕಟ್ಟಿಸಿದ ಪಂಚಾಯ್ತಿ ಕಂಪನಿಯ ಎಲೆಯನ್ನೇ ಹೊರಗಟ್ಟುತ್ತದೆ, ಕಂಪನಿ ಇನ್ನೊಂದು ಮುದ್ರಿಸುತ್ತದೆ. 2025ರಲ್ಲಿ ದೊಡ್ಡ ಕಂತುಗಳೇ ಆರು ಬಂದವು. ಒಂದರಲ್ಲಿ ಸ್ಪೈಡರ್‌ಮ್ಯಾನ್ ಕೂಡ ಇದ್ದ.

ಎಲೆಗೆ ಹೊಸ ಹುಚ್ಚು ಹಿಡಿಸುವುದರಲ್ಲಿ ನಮ್ಮವರೇನೂ ಹಿಂದೆ ಬಿದ್ದಿಲ್ಲ. ಅಕ್ಬರ್ ಹಳೆಯ ಗಂಜೀಫಾ ಎಲೆಗಳನ್ನು ಬದಲಾಯಿಸಿ ತನ್ನ ಮನಸ್ಸಿಗೆ ಬಂದಂತೆ ಮಾಡಿಸಿದ್ದನ್ನು ಅಬುಲ್ ಫಜಲ್ ಬರೆದಿಟ್ಟಿದ್ದಾನೆ. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ಅವನನ್ನೂ ಮೀರಿಸಿದರು. 1831ರಲ್ಲಿ ಆಡಳಿತ ಬ್ರಿಟಿಷರ ಪಾಲಾದ ಮೇಲೆ ಪುರುಸೊತ್ತಿಗೇನು ಕೊರತೆ? 'ಶ್ರೀತತ್ತ್ವನಿಧಿ'ಯ ಕೌತುಕನಿಧಿ ತೆರೆದರೆ ಛದ ಎನ್ನುವ ಎಲೆಯಾಟಗಳು ಒಂದರ ಮೇಲೊಂದು. 36 ಎಲೆಯಿಂದ ಶುರುವಾಗಿ 360 ಎಲೆಯ ಕಟ್ಟಿನವರೆಗೆ. ಗಂಜೀಫಾದಲ್ಲೂ ಎರಡು ಅಂತಸ್ತು: ದಂತ, ಆಮೆಚಿಪ್ಪಿನ ಮೇಲೆ ಬರೆದದ್ದು ದರ್ಬಾರ್ ಕಲಂ, ಬಟ್ಟೆ, ಕಾಗದ ಅಂಟಿಸಿ ಬರೆದದ್ದು ಬಜಾರ್ ಕಲಂ. ಆದರೆ ಬಜಾರಿನ ರಾಮನಿಗೂ ದರ್ಬಾರಿನ ರಾಮನಿಗೂ ಆಟದಲ್ಲಿ ಒಂದೇ ಬಲ. ದಂತದ ಎಲೆ ಹಿಡಿದವನು ಕೈ ಬೀಸಿ ಗಾಳಿ ಹಾಕಿಕೊಳ್ಳಬಹುದಿತ್ತೇ ವಿನಾ ಪಟ್ಟು ಹೆಚ್ಚು ಹೊಡೆಯುವಂತಿರಲಿಲ್ಲ.

ಬಡವರ ಆಟದ ಖರ್ಚು ಈಗ ನಿಮಗೂ ಲೆಕ್ಕಕ್ಕೆ ಸಿಕ್ಕಿರಬೇಕು. ಎಲೆಗೆ ಚಿಲ್ಲರೆ ಕಾಸು, ಅದು ಗೆಲ್ಲತೊಡಗಿದರೆ ರೇಟು ಏರುತ್ತದೆ, ಹೊರದೇಶದಿಂದ ಬರುವ ಅಂಚೆ ಎಲೆಗಿಂತ ಜಾಸ್ತಿ. ಬರುವಷ್ಟರಲ್ಲಿ ನಿಷೇಧ. ಒಂದು ದಿನ ಅಕ್ಕನ ಮಗ ಕಾಫಿ ತಾನೇ ಮಾಡಿ ತಂದುಕೊಟ್ಟು, "ಮಾಮ, ನಿಮ್ಮ ಪ್ರೆಸ್ಸಲ್ಲಿ ಒಂದು ಶೀಟು..." ಎಂದು ರಾಗ ಎಳೆದ. ನೀಲಿ ಪದರದ ಬೋರ್ಡು ನಿಮ್ಮಪ್ಪ ತರ್ತಾನಾ ಅಂದೆ. ಈಗ ಚೀಟಿಯಲ್ಲಿ ಪೆನ್ನಿನಿಂದ ಎಲೆಯ ಹೆಸರು ಬರೆದು, ಹಳೇ ಎಲೆಯ ಮುಂದೆ ಪ್ಲಾಸ್ಟಿಕ್ ಕವರಿನೊಳಗೆ ತುರುಕಿ ಮನೆಮಟ್ಟಿಗೆ ಆಡುತ್ತಾರೆ. ಅಧಿಕೃತ ಪಂದ್ಯಕ್ಕೆ ಅದು ನಡೆಯುವುದಿಲ್ಲ.

ಪ್ರೊಫೆಟಿಕ್ ಪ್ರಿಸಂ ಅಂತ ಒಂದು ಎಲೆ. ಪಂಚಾಯ್ತಿ ಕೂತ ತಿಂಗಳೇ, ಅಂದರೆ ಜನವರಿ 2022ರಲ್ಲಿ, ಹೊರಬಿದ್ದದ್ದು. ಇನ್ನು ಇದರಿಂದ ಉಪಯೋಗವಿಲ್ಲವೆಂದು ಇವನು ತನ್ನ ನಾಲ್ಕನ್ನೂ ಕೆಳಗಿನ ಮನೆಯ ಹುಡುಗನಿಗೆ ದಾನ ಮಾಡಿದ. ಮಾರ್ಚ್ 2025ರಲ್ಲಿ ಪಂಚಾಯ್ತಿ ಮೂರು ಎಲೆ ಹೊರಗೆ ಹಾಕಿ, ಪರೀಕ್ಷೆಗೆಂದು ಎರಡನ್ನು ಒಳಗೆ ಬಿಟ್ಟಿತು. ಬಿಟ್ಟ ಎರಡರಲ್ಲಿ ಪ್ರಿಸಂ ಒಂದು. ಇವನು ಮೆಟ್ಟಿಲಿಳಿದು ಕೇಳಲು ಹೋದ. ಆ ಹುಡುಗನಿಗೆ ಈಗ ಹತ್ತು ವರ್ಷ, ವ್ಯವಹಾರ ಗೊತ್ತಾಗಿದೆ. ನಾಲ್ಕು ಪ್ರಿಸಂಗೆ ಬದಲು ಮೂಲೆಯ ಸ್ಟೇಷನರಿ ಅಂಗಡಿಯಲ್ಲಿ ಮಾರುವ ಚಿನ್ನದ ಬಣ್ಣದ ಪೋಕೆಮಾನ್ ಎಲೆ ಪಿಕಾಚು ಬೇಕೆಂದ.

"ಅದು ನಕಲಿ ಕಣೋ" ಅಂದ ಇವನು.

"ಇರಲಿ ಭೈಯಾ, ಹೊಳೀತದೆ" ಅಂದ ಅವನು.