ಬಾಯಿ ಬೇರೆ, ಬಿಲ್ಲು ಬೇರೆ

ನಮ್ಮ ಪೇಟೆಬೀದಿಯ ಅಂಗಡಿಗಳಿಗೆ ಎರಡು ನಾಲಗೆ. ಒಂದು ಗಲ್ಲಾಪೆಟ್ಟಿಗೆಯ ಈಚೆ ನಿಂತು ಮಾತಾಡುತ್ತದೆ, ಇನ್ನೊಂದು ಪ್ರಿಂಟರ್‌ನಿಂದ ಕರಕರ ಎನ್ನುತ್ತ ಹೊರಗೆ ಬರುತ್ತದೆ. ಮೊದಲನೆಯದು ಹೇಳುತ್ತದೆ: “ಅಕ್ಕಾ, ಕಣ್ಮುಚ್ಕೊಂಡು ತಗೊಂಡು ಹೋಗಿ. ಮೂರು ವರ್ಷ ಮೋಟರ್ ಸುಡಲ್ಲ. ಸುಟ್ರೆ ನನ್ನನ್ನ ಕೇಳಿ.” ಎರಡನೆಯದು ಹೇಳುತ್ತದೆ: “ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ.” ಎರಡಕ್ಕೂ ಮಾಲೀಕರು ಒಬ್ಬರೇ, ಜಿಎಸ್‌ಟಿ ನಂಬರೂ ಒಂದೇ. ಮೋಟರ್ ಸುಟ್ಟ ದಿನ ಅಕ್ಕ ಹೋಗಿ ಕೇಳಿದರೆ ಮೊದಲನೆಯ ನಾಲಗೆ ಅಲ್ಲಿರುವುದಿಲ್ಲ. “ಆ ಹುಡುಗ ಕೆಲಸ ಬಿಟ್ಟ ಮೇಡಂ.” ಅಕ್ಕ ಮೇಡಂ ಆದಳೆಂದರೆ ನೆಂಟಸ್ತಿಕೆ ಹರಿಯಿತೆಂದೇ ಲೆಕ್ಕ.

ವಾರಂಟಿ ಎಂದರೆ ಡಬ್ಬದ ತಳದಲ್ಲಿ ಥರ್ಮೋಕೋಲಿನ ಪಕ್ಕ ಸಿಗುವ, ಡೀಲರ್ ಸೀಲಿನ ಜಾಗ ಮಾತ್ರ ಖಾಲಿ ಇರುವ ಆ ಕಾರ್ಡು ಎಂದು ನಾವು ನಂಬಿದ್ದೇವೆ. ಕಾನೂನಿಗೆ ಆ ಕಾರ್ಡಿನ ಮೇಲೆ ಅಷ್ಟೇನೂ ಮೋಹವಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವ್ಯಕ್ತ ವಾರಂಟಿ ಎಂದರೇನೆಂದು ವಿವರಿಸುವಾಗ ಸೀಲು, ಸಹಿ ಯಾವುದನ್ನೂ ಕೇಳುವುದಿಲ್ಲ. ಮಾಲಿನ ಬಗ್ಗೆ ಮುಖ್ಯವಾದ ಒಂದು ಹೇಳಿಕೆ, ಒಂದು ಖಚಿತ ಮಾತು, ಒಂದು ಭರವಸೆ, ಇಲ್ಲವೇ ಒಂದು ವರ್ಣನೆ, ಇಷ್ಟು ಕೊಟ್ಟು ಮಾಲು ಅದಕ್ಕೆ ತಕ್ಕಂತಿದೆ ಎಂದು ಒಪ್ಪಿಕೊಂಡರೆ ವಾರಂಟಿ ಹುಟ್ಟಿತು. ಮಾದರಿ ತೋರಿಸಿ ಮಾರಿದರೂ ಅಷ್ಟೇ. ಇನ್ನು 1930ರ ಸರಕು ಮಾರಾಟ ಕಾಯ್ದೆ ಬ್ರಿಟಿಷರ ಕಾಲದಲ್ಲೇ ಹೇಳಿಟ್ಟಿದೆ: ಹಿಡಿ ಅಕ್ಕಿ ತೋರಿಸಿ ಮೂಟೆ ಮಾರಿದರೆ ಮೂಟೆಯೂ ಆ ಹಿಡಿಯಂತೆಯೇ ಇರಬೇಕು. “ನಾನೇನು ಬರೆದುಕೊಟ್ಟಿದ್ದೀನಾ?” ಎಂದು ಗದರುವ ಮಾಲೀಕರು ಬರೆದುಕೊಡುವ ಅಗತ್ಯವೇ ಇರಲಿಲ್ಲ, ಬಾಯಲ್ಲೇ ಕೊಟ್ಟಾಗಿದೆ.

ಹಾಗೆಂದು ಕಾನೂನು ನಿರ್ದಯಿಯಲ್ಲ. ವ್ಯಾಪಾರಿ ಬಡಾಯಿ ಮೇಯಿಸಿಕೊಳ್ಳಲೆಂದು ಒಂದಿಷ್ಟು ಗೋಮಾಳ ಬಿಟ್ಟಿದೆ. ಅದರ ಗಡಿ ಎಲ್ಲಿದೆಯೆಂದು ತಿಳಿಯಬೇಕಾದರೆ ವಕೀಲರ ಚೇಂಬರಿಗಿಂತ ದನದ ಸಂತೆಗೆ ಹೋಗುವುದು ಮೇಲು. “ಗೌಡ್ರೆ, ಹಸು ಅನ್ಬೇಡಿ ಇದನ್ನ, ಮನೆಗೆ ಬರ್ತಿರೋ ಮಾಲಕ್ಷ್ಮಿ” ಎಂದು ದಲ್ಲಾಳಿ ಹೇಳಿದರೆ ಅದು ಹೊಗಳಿಕೆ. ಲಕ್ಷ್ಮಿ ಬರಲಿಲ್ಲವೆಂದು ಯಾವ ಗ್ರಾಹಕ ಆಯೋಗವೂ ಪರಿಹಾರ ಕೊಡಿಸುವುದಿಲ್ಲ. “ಹತ್ತೂರಲ್ಲಿ ಇಂಥ ಹಸು ಇಲ್ಲ” ಎಂಬುದೂ ಅದೇ ಜಾತಿ. ಆದರೆ “ಎರಡನೇ ಸೂಲು, ಹೊತ್ತಿಗೆ ಎಂಟು ಲೀಟರ್, ಒದೆಯಲ್ಲ” ಎಂದರೆ ಒಂದೇ ಉಸಿರಿನಲ್ಲಿ ಮೂರು ವಾರಂಟಿ. ಲೀಟರನ್ನು ಅಳೆಯಬಹುದು, ಸೂಲನ್ನು ಎಣಿಸಬಹುದು, ಒದೆಯುತ್ತದೋ ಇಲ್ಲವೋ ಎಂಬುದು ಕರೆಯಲು ಕೂತವರ ಮೊಣಕಾಲಿಗೆ ಗೊತ್ತಾಗುತ್ತದೆ.

ಪಳಗಿದ ದಲ್ಲಾಳಿ ಆದ್ದರಿಂದ ಲೀಟರಿನ ಸುದ್ದಿಯನ್ನೇ ಎತ್ತುವುದಿಲ್ಲ. ಹಿಂದಿನ ಸಂಜೆ ಹಾಲು ಕರೆಯದೆ ಬಿಟ್ಟು, ಬೆಳಿಗ್ಗೆ ಕೆಚ್ಚಲು ಬಿಗಿದು ಮೊಲೆ ತೊಟ್ಟಿಕ್ಕುತ್ತಿರುವ ಹಸುವನ್ನು ಸಂತೆಗೆ ತಂದು ನಿಲ್ಲಿಸುತ್ತಾನೆ. ಎಷ್ಟು ಕೊಡುತ್ತದೆ ಎಂದು ಕೇಳಿದರೆ ಗದ್ದ ಎತ್ತಿ ಆ ಕಡೆ ತೋರಿಸುತ್ತಾನೆ: “ಕಣ್ಣೆದುರಿಗೇ ಐತೆ, ನಾನ್ಯಾಕೆ ಹೇಳಾನ?” ಹೇಳಿಕೆ ಕೊಟ್ಟಿದ್ದು ಕೆಚ್ಚಲು, ಅವನಲ್ಲ. ರೇಟು ಮಾತಾಡುವುದೂ ಟವೆಲ್ಲಿನ ಅಡಿಯಲ್ಲಿ, ಬೆರಳು ಹಿಡಿದು. ಇದು ವಾರಂಟಿಯ ಲೆಕ್ಕಕ್ಕೆ ಸಿಗದಿದ್ದರೆ ಮೋಸದ ಲೆಕ್ಕಕ್ಕೆ ಸಿಕ್ಕೀತು ಎಂದು ವಕೀಲರು ಸಮಾಧಾನ ಹೇಳುತ್ತಾರೆ, ನಿಜ. ಆದರೆ ಕೆಚ್ಚಲನ್ನು ಕಟಕಟೆಗೆ ಹತ್ತಿಸುವವರು ಯಾರು?

ಈ ಜಾಣತನಕ್ಕೆ ಗುರುಪರಂಪರೆಯಿದೆ. 1603ರಲ್ಲಿ ತೀರ್ಮಾನವಾದ ಇಂಗ್ಲೆಂಡಿನ ಒಂದು ಮೊಕದ್ದಮೆಯಲ್ಲಿ ಅಕ್ಕಸಾಲಿಯೊಬ್ಬ ಬೆಜೋರ್ ಕಲ್ಲು ಎಂದು ಹೇಳಿ ಒಂದು ಕಲ್ಲನ್ನು 100 ಪೌಂಡಿಗೆ ಮಾರಿದ್ದ. ಪ್ರಾಣಿಗಳ ಹೊಟ್ಟೆಯಲ್ಲಿ ಬೆಳೆಯುವ, ವಿಷ ಇಳಿಸುತ್ತದೆಂದು ಆ ಕಾಲದವರು ನಂಬಿದ್ದ ವಸ್ತು ಅದು. ನಮ್ಮ ಗೋರೋಚನಕ್ಕೆ ದೂರದ ನೆಂಟ. ಇದು ಬೆಜೋರೇ ಅಲ್ಲ ಎಂದು ಕೊಂಡವನು ದಾವೆ ಹೂಡಿದ. ಅಕ್ಕಸಾಲಿ ಹಾಗೆಂದು ಹೇಳಿರಬಹುದು, ಆದರೆ ಖಾತ್ರಿ ಕೊಟ್ಟಿಲ್ಲವಲ್ಲ ಎಂದು ನ್ಯಾಯಾಲಯ ಕೊಂಡವನನ್ನು ಬರಿಗೈಯಲ್ಲಿ ಕಳಿಸಿತು. ಕಾನೂನು ಅಲ್ಲಿಂದ ಬಹಳ ದೂರ ಬಂದಿದೆ. ನಮ್ಮ ಕೆಲವು ಅಂಗಡಿಗಳಲ್ಲಿ ಮಾತ್ರ ಇನ್ನೂ 1603ರ ಕ್ಯಾಲೆಂಡರೇ ನೇತಾಡುತ್ತಿದೆ.

ಬಡಾಯಿಗೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು ಕಾರ್ಬಾಲಿಕ್ ಸ್ಮೋಕ್ ಬಾಲ್ ಎಂಬ ರಬ್ಬರ್ ಚೆಂಡಿನಿಂದ. ನಳಿಗೆಯನ್ನು ಮೂಗಿಗೆ ಇಟ್ಟು ಚೆಂಡು ಹಿಸುಕಿದರೆ ಒಳಗಿನ ಪುಡಿ ಹೊಗೆಯಂತೆ ಏರುತ್ತಿತ್ತು. ದಿನಕ್ಕೆ ಮೂರು ಬಾರಿ, ಎರಡು ವಾರ ಹೀಗೆ ಸೇದಿದ ಮೇಲೂ ಇನ್‌ಫ್ಲುಯೆಂಜ ಬಂದರೆ 100 ಪೌಂಡ್ ಕೊಡುತ್ತೇವೆ, ನಮ್ಮ ಪ್ರಾಮಾಣಿಕತೆಗೆ ಸಾಕ್ಷಿಯಾಗಿ 1000 ಪೌಂಡ್ ಬ್ಯಾಂಕಿನಲ್ಲಿಟ್ಟಿದ್ದೇವೆ ಎಂದು 1891ರಲ್ಲಿ ಕಂಪನಿ ಲಂಡನ್ನಿನ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟಿತು. ಶ್ರೀಮತಿ ಕಾರ್ಲಿಲ್ ಎಂಬಾಕೆ ಶ್ರದ್ಧೆಯಿಂದ ಸೇದಿದರು, ಜ್ವರವೂ ಅಷ್ಟೇ ಶ್ರದ್ಧೆಯಿಂದ ಬಂತು. ಜಾಹೀರಾತು ಬರೀ ಬಡಾಯಿ, ಬುದ್ಧಿ ಇದ್ದವರು ಅದನ್ನು ನಂಬುತ್ತಾರೆಯೇ ಎಂಬುದು ಕಂಪನಿಯ ವಾದ. ಹಾಗಾದರೆ ಬ್ಯಾಂಕಿನಲ್ಲಿಟ್ಟ ದುಡ್ಡು ಯಾತಕ್ಕೆ ಎಂದು 1892ರಲ್ಲಿ ಮೇಲ್ಮನವಿ ನ್ಯಾಯಾಲಯ ಕೇಳಿ 100 ಪೌಂಡ್ ಕಕ್ಕಿಸಿತು. ಇದು ನೇರವಾಗಿ ವಾರಂಟಿಯ ಕೇಸಲ್ಲ, ಬಹುಮಾನದ ಭರವಸೆಯ ಕೇಸು. ಆದರೂ ಬಡಾಯಿ ಎಲ್ಲಿ ಮುಗಿದು ಮಾತು ಎಲ್ಲಿ ಶುರುವಾಗುತ್ತದೆ ಎನ್ನುವಾಗ ಇವತ್ತಿಗೂ ಮೊದಲು ನೆನಪಾಗುವುದು ಈ ಚೆಂಡೇ. ಸೋತ ಮೇಲೆ ಕಂಪನಿ ಏನು ಮಾಡಿತು ಗೊತ್ತೇ? ಹೊಸ ಜಾಹೀರಾತು ಕೊಟ್ಟಿತು: ಸಾವಿರಾರು ಚೆಂಡು ಮಾರಿದ್ದೇವೆ, ಬಹುಮಾನ ಕೇಳಿದವರು ಮೂರೇ ಜನ, ನಮ್ಮ ಮದ್ದು ಎಷ್ಟು ಒಳ್ಳೆಯದು ನೋಡಿ! ಈ ಸಲ ಬಹುಮಾನ 200 ಪೌಂಡ್. ಜೊತೆಗೆ ಷರತ್ತುಗಳು.

ಇವರ ಮುಂದೆ ನಮ್ಮವರೇನೂ ಕಮ್ಮಿಯಿಲ್ಲ. “ನಮ್ಮ ಮನೇಲೂ ಇದೇ ಇರೋದು ಸಾರ್” ಎಂಬ ಮಾತನ್ನು ನಾನು ಕೈಮುಗಿದು ಗೌರವಿಸುತ್ತೇನೆ. ಇದು ಅಭಿಪ್ರಾಯವಲ್ಲ, ಅಪ್ಪಟ ಹೇಳಿಕೆ; ಆದರೆ ಫ್ರಿಡ್ಜಿನ ಬಗ್ಗೆ ಅಲ್ಲ, ಹೇಳುವವರ ಮನೆಯ ಬಗ್ಗೆ. ಒಂದೇ ಮಧ್ಯಾಹ್ನ ಮೂರು ಬ್ರಾಂಡಿನ ಮುಂದೆ ನಿಂತು ಹೇಳಿದರೂ ಮನೆಯಲ್ಲಿ ಮೂರು ಫ್ರಿಡ್ಜ್ ಇರಬಾರದೆಂದು ಯಾವ ಕಾಯ್ದೆಯಲ್ಲಿದೆ? ಸೀರೆ ಅಂಗಡಿಯವರದು ಇನ್ನೂ ನಾಜೂಕು. “ಬಣ್ಣ ಹೋಗಲ್ಲಮ್ಮ, ನಾನು ಹೇಳ್ತಿದ್ದೀನಲ್ಲ” ಎಂದು ಸೆರಗು ಹರವಿ ತೋರಿಸುತ್ತಾರೆ. ಚೀಲಕ್ಕೆ ಹಾಕುವಾಗ ಮೆಲ್ಲಗೆ ಸೇರಿಸುತ್ತಾರೆ: “ಮೊದಲನೇ ಸಲ ಬೇರೆ ನೆನೆಸಿ, ಉಪ್ಪು ಹಾಕಿ, ಬಿಸಿಲಿಗೆ ಬೇಡ, ಮಷೀನಿಗಂತೂ ಬೇಡ್ವೇ ಬೇಡ.” ನೀರು ಸೋಕದಿದ್ದರೆ ಬಣ್ಣ ಹೋಗುವುದಿಲ್ಲ ಎಂಬ ಮಾತಿಗೆ ನನ್ನ ಸಹಮತವೂ ಇದೆ.

ವಸ್ತುಪ್ರದರ್ಶನದ ಮಿಕ್ಸಿ ಮಳಿಗೆಯವರು ಮಾತನ್ನೂ ಖರ್ಚು ಮಾಡುವುದಿಲ್ಲ. ಅರಿಸಿನದ ಕೊಂಬನ್ನು ಜಾರಿಗೆ ಹಾಕಿ ಗರ್‌ರ್ ಎನ್ನಿಸಿ, ನಯವಾದ ಪುಡಿಯನ್ನು ನಿಮ್ಮ ಅಂಗೈಗೆ ಸುರಿಯುತ್ತಾರೆ. ಮಾದರಿ ತೋರಿಸಿ ಮಾರುವುದೆಂದರೆ ಇದೇ, ಹಿಡಿ ಅಕ್ಕಿಯ ಲೆಕ್ಕವೇ. ಮನೆಗೆ ಬಂದ ಪೆಟ್ಟಿಗೆಯದು ಕಡ್ಲೆ ಚಟ್ನಿಗೇ ಸುಟ್ಟ ವಾಸನೆ ಕೊಟ್ಟರೆ “ಅದು ಡೆಮೋ ಪೀಸ್ ಮೇಡಂ” ಎನ್ನುತ್ತಾರೆ. ಗೊತ್ತು ಸ್ವಾಮಿ, ಅದಕ್ಕೇ ಕೇಳುತ್ತಿರುವುದು.

ಕಾನೂನಿಗೂ ಹಾಸ್ಯಪ್ರಜ್ಞೆ ಇಲ್ಲದಿಲ್ಲ. ಮಾಲು ವ್ಯಕ್ತ ವಾರಂಟಿಗೆ ತಕ್ಕಂತಿರದೆ ಹಾನಿಯಾದರೆ, ನನ್ನ ಅಜಾಗರೂಕತೆಯಿಲ್ಲ, ಮೋಸವಿಲ್ಲ ಎಂದು ತಯಾರಕ ಸಾಬೀತು ಮಾಡಿದರೂ ಹೊಣೆ ತಪ್ಪದು ಎಂದು 2019ರ ಕಾಯ್ದೆಯ 84ನೇ ಸೆಕ್ಷನ್ ಗುಡುಗುತ್ತದೆ. ಆದರೆ ಅದೇ ಕಾಯ್ದೆ ‘ಹಾನಿ’ಯ ಲೆಕ್ಕದಿಂದ ಮಾಲಿಗೇ ಆದ ಹಾನಿಯನ್ನು ಹೊರಗಿಟ್ಟಿದೆ. ಮಿಕ್ಸಿ ಸಿಡಿದು ಬೆರಳು ಹೋದರೆ ಈ ಸೆಕ್ಷನ್ ನಿಮ್ಮ ಕಡೆ. ಮಿಕ್ಸಿ ತಾನೊಂದೇ ಮರ್ಯಾದೆಯಿಂದ ಸತ್ತರೆ ನೀವು ಬೇರೆ ಬಾಗಿಲು ತಟ್ಟಬೇಕು. ಆ ಬಾಗಿಲೂ ಇದೆ, ದೋಷವುಳ್ಳ ಮಾಲಿನ ದೂರು. ಕೊಟ್ಟ ಬೆಲೆ 5 ಲಕ್ಷ ದಾಟದಿದ್ದರೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ, ಎರಡು ವರ್ಷ ಕಾಲಾವಕಾಶ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ ವಾಪಸ್ ತೆಗೆದುಕೊಳ್ಳಲು ಒಪ್ಪದಿರುವುದೇ ಅನುಚಿತ ವ್ಯಾಪಾರ ಪದ್ಧತಿ ಎಂದೂ ಕಾಯ್ದೆಯಲ್ಲಿದೆ. ಬಿಲ್ಲಿನ ತಳದ ಆ ದಪ್ಪಕ್ಷರದ ಸಾಲು ಮಾತ್ರ ಅದನ್ನು ಓದಿದಂತಿಲ್ಲ. ಎಲ್ಲ ಇದೆ, ಅಂಗಡಿಯವರು ಅಂದು ಏನು ಹೇಳಿದರು ಎಂಬುದಕ್ಕೆ ಸಾಕ್ಷಿಯೊಂದಿಲ್ಲ.

ಅದಕ್ಕೇ ಈಚೆಗೆ ಒಂದು ಅಂಗಡಿಯಲ್ಲಿ, ಮೂರು ವರ್ಷ ಮೋಟರ್ ಸುಡಲ್ಲ ಎಂದು ಎದೆ ತಟ್ಟಿಕೊಂಡವರಿಗೆ, “ಬಹಳ ಸಂತೋಷ ಅಣ್ಣಾ, ಇದೇ ಮಾತನ್ನ ಬಿಲ್ಲಿನ ಮೇಲೆ ಒಂದು ಸಾಲು ಬರೆದುಕೊಡಿ” ಎಂದೆ.

“ಸಾಫ್ಟ್‌ವೇರಲ್ಲಿ ಆ ಕಾಲಂ ಇಲ್ಲ ಸಾರ್.”

“ಪೆನ್ನಲ್ಲಿ ಬರೆದು ಸೀಲು ಹಾಕಿ.”

“ಸೀಲು ಓನರ್ ಹತ್ರ ಇದೆ. ಓನರ್ ಧರ್ಮಸ್ಥಳಕ್ಕೆ ಹೋಗಿದಾರೆ.”

“ಹೋಗಲಿ, ವಾಟ್ಸಾಪಲ್ಲಿ ಕಳಿಸಿಬಿಡಿ.”

ನಂಬರ್ ಬರೆದುಕೊಂಡರು. ರಾತ್ರಿ ಮೆಸೇಜು ಬಂತು: ಒಂದು ಗುಲಾಬಿ, ಎರಡು ಮುಗಿದ ಕೈ, ಮೇಲೆ ‘ಶುಭರಾತ್ರಿ’.