ಕಾಲೇಜು ನಿರ್ಣಯ ಶಾಸ್ತ್ರ: ವಿಜಯಪುರ, ತಿಕೋಟಾ, ಬಬಲೇಶ್ವರ ಸೀಮೆಗೆ ಅನ್ವಯಿಸುವಂತೆ

1. ವ್ಯಾಖ್ಯೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಗಳಿಗೆಯಿಂದ ಪಿಯು ಕಾಲೇಜಿನ ಫೀ ಪಾವತಿ ಕೈಸೇರುವವರೆಗೆ ಒಬ್ಬ ವಿದ್ಯಾರ್ಥಿಯ ಸುತ್ತ ನಡೆಯುವ ಸಮಸ್ತ ಮಾತುಕತೆಗೆ ಕಾಲೇಜು ನಿರ್ಣಯ ಎಂದು ಹೆಸರು. ಇದಕ್ಕೆ ಮೂರು ಅಂಗಗಳು: ಸಲಹೆ ಕೊಡುವವರು, ರೊಕ್ಕ ಕೊಡುವವರು, ಓದುವವರು. ಮೊದಲನೆಯ ಅಂಗಕ್ಕೆ ಸಂಖ್ಯೆಯ ಮಿತಿಯಿಲ್ಲ. ಎರಡನೆಯದು ಸದಾ ಏಕವಚನ. ಮೂರನೆಯದು ಚರ್ಚೆ ನಡೆಯುವಾಗ ಒಳಗಿನ ಕೋಣೆಯಲ್ಲಿ ಮೊಬೈಲ್ ನೋಡುತ್ತಿರುತ್ತದೆ.

625 ಅಂಕಗಳಲ್ಲಿ ಬಂದದ್ದೆಷ್ಟು ಎಂಬುದೇ ಶಾಸ್ತ್ರದ ಮೂಲ ಪ್ರಮಾಣ. ಅದರ ಅನ್ವಯ ಹೀಗೆ: ಶೇ 90 ದಾಟಿದ್ದರೆ ಸೈನ್ಸ್, 60ರಿಂದ 90ರೊಳಗೆ ಇದ್ದರೂ ಸೈನ್ಸ್, 60ಕ್ಕಿಂತ ಕಡಿಮೆಯಿದ್ದರೆ ಟ್ಯೂಷನ್ ಹಚ್ಚಿ ಸೈನ್ಸ್.

2. ಪೂರ್ವೇತಿಹಾಸ

ಈ ಸೀಮೆಯಲ್ಲಿ ಉಚ್ಚ ಶಿಕ್ಷಣದ ಚರಿತ್ರೆ ದೀರ್ಘವಾದದ್ದು. ಇಂಡಿ ಬಳಿಯ ಸಾಲೋಟಗಿಯಲ್ಲಿ ಕ್ರಿ.ಶ. 945ರ ಶಾಸನವೊಂದಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ಕಟ್ಟಿಸಿದ ವಿದ್ಯಾಶಾಲೆಗೆ ಹಲವು ನಾಡುಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರಿಗೆಂದು 27 ವಸತಿಗಳಿದ್ದವು. ದೀಪದ ಎಣ್ಣೆಗೆ ಪ್ರತ್ಯೇಕವಾಗಿ ಹೊಲ ಬಿಟ್ಟುಕೊಡಲಾಗಿತ್ತು. ಊರಿನ ಮನೆಗಳಲ್ಲಿ ಮದುವೆ, ಉಪನಯನಗಳಾದಾಗ ಶಾಲೆಗೆ ಇಂತಿಷ್ಟು ನಾಣ್ಯ ಸಲ್ಲಬೇಕೆಂಬ ಕಟ್ಟಳೆಯೂ ಇತ್ತು. ಅಂದರೆ ಹಾಸ್ಟೆಲು, ಕರೆಂಟು ಬಿಲ್ಲು, ಡೊನೇಷನ್ ಈ ಮೂರೂ ಸಾವಿರ ವರ್ಷದ ಹಿಂದೆಯೇ ಇಲ್ಲಿ ನೆಲೆಗೊಂಡಿದ್ದವು. ಯಾವ ಹುಡುಗ ಯಾವ ಸೋದರಮಾವನ ಮಾತು ಕೇಳಿ ಸಾಲೋಟಗಿಗೆ ಬಂದ ಎಂಬುದನ್ನು ಮಾತ್ರ ಶಾಸನ ತಿಳಿಸುವುದಿಲ್ಲ. ಕಲ್ಲು ಸಾಲದೆ ಹೋಗಿರಬೇಕು.

ಆಧುನಿಕ ಕಾಲದಲ್ಲಿ, ವಕೀಲರೂ ವಚನಗಳ ಸಂಪಾದಕರೂ ಆಗಿದ್ದ ಫ.ಗು. ಹಳಕಟ್ಟಿ 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಗೆ ಬುನಾದಿ ಹಾಕಿದರು. ಆಗ ಪದವಿ ಬೇಕೆಂದವರು ಊರು ಬಿಟ್ಟು ಹೋಗಲೇಬೇಕಿತ್ತು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದ ಮೇಲೆ ಹೋಗುವ ದಾರಿ ಕೊಂಚ ಹತ್ತಿರವಾಯಿತು. 1945ರಲ್ಲಿ ವಿಜಯಪುರದಲ್ಲೇ ವಿಜಯ ಕಾಲೇಜು ತೆರೆಯಿತು. ಶಾಸ್ತ್ರದ ಜನ್ಮವರ್ಷವೂ ಇದೇ. ಒಂದೇ ದಾರಿ ಇದ್ದಲ್ಲಿ ಸಲಹೆಗೆ ಆಸ್ಪದವಿಲ್ಲ; ಎರಡಾದ ದಿನ ಸಲಹೆಗಾರ ಹುಟ್ಟುತ್ತಾನೆ. 1980ರಲ್ಲಿ ಎಂಜಿನಿಯರಿಂಗ್ ಕಾಲೇಜು, 1980ರ ದಶಕದಲ್ಲೇ ಎರಡು ವೈದ್ಯಕೀಯ ಕಾಲೇಜು, 2003ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಬಂದವು. ಸಲಹೆಗಾರರ ಸಂಖ್ಯೆ ಅದೇ ಪ್ರಮಾಣದಲ್ಲಿ ಬೆಳೆಯಿತು.

3. ಸಲಹೆಗಾರರ ವರ್ಗೀಕರಣ

ಸಲಹೆಗಾರರು ನಾಲ್ಕು ಬಗೆ.

ಒಂದು, ರಕ್ತಸಂಬಂಧಿ. ಸೋದರಮಾವ, ದೊಡ್ಡಪ್ಪ, ಅಬಚಿಯ ಗಂಡ ಮುಂತಾದವರು ಈ ವರ್ಗಕ್ಕೆ ಸೇರುತ್ತಾರೆ. ಸಲಹೆಯ ತೂಕ ಇವರ ಓದಿಗೆ ಅನುಗುಣವಾಗಿರದೆ, ಹಿಂದಿನ ಮದುವೆಯಲ್ಲಿ ಇವರು ಮಾಡಿದ ಆಹೇರಿಗೆ ಅನುಗುಣವಾಗಿರುತ್ತದೆ.

ಎರಡು, ಬೆಂಗಳೂರಿನವ. ಇವನು ಫೋನಿನ ಸ್ಪೀಕರಿನಲ್ಲಿ ಮಾತ್ರ ಇರುತ್ತಾನೆ. ‘ಈಗ ಸಿವಿಲ್‌ಗೆ ಸ್ಕೋಪ್ ಇಲ್ಲ’ ಎನ್ನುವುದು ಇವನ ವಾಡಿಕೆ. ಸ್ಕೋಪ್ ಯಾವುದಕ್ಕಿದೆ ಎಂದು ಕೇಳುವಷ್ಟರಲ್ಲಿ ಮೀಟಿಂಗ್ ಶುರುವಾಗುತ್ತದೆ.

ಮೂರು, ಗಡಿಯಾಚೆಯ ಬೀಗರು. ಜತ್ತ, ಸಾಂಗಲಿ ಕಡೆಯಿಂದ ಬರುವ ಇವರು ಲಾತೂರ ಪ್ಯಾಟರ್ನ್ ಕೋಚಿಂಗಿನ ಮಹಿಮೆ ಹೇಳಿ, ಊಟ ಮಾಡಿ ಹೋಗುತ್ತಾರೆ.

ನಾಲ್ಕು, ಕಟ್ಟೆಯ ಪಂಡಿತ. ತಿಕೋಟಾ ಬಸ್‌ನಿಲ್ದಾಣದ ಚಹಾದಂಗಡಿಯಲ್ಲಿ ಸಿಗುವ ಈ ವರ್ಗದ ಮಾದರಿ ಹೀಗಿದೆ:

‘ಎಷ್ಟ ಆಗ್ಯಾವೋ ತಮ್ಮಾ?’

‘ಎಂಬತ್ತಾರು ಪರ್ಸೆಂಟ್ ರೀ ಕಾಕಾ.’

‘ಹಂಗಾರ ಸೈನ್ಸ್ ತಗೊ.’

‘ನನಗ ಕಾಮರ್ಸ್ ಮನಸೈತ್ರೀ.’

‘ಇಷ್ಟ ಶ್ಯಾಣ್ಯಾ ಇದ್ದು ಕಾಮರ್ಸ್ ಯಾಕೋ? ಸೈನ್ಸ್ ಓದಿದಾಂವ ಆಮ್ಯಾಲ ಕಾಮರ್ಸಿಗಿ ಬರಬಹುದು. ಕಾಮರ್ಸ್ ಓದಿದಾಂವಗ ಸೈನ್ಸಿಗಿ ಹೋಗಾಕ ಬರೂದಿಲ್ಲ.’

ಇದು ಶಾಸ್ತ್ರದ ಮಹಾವಾಕ್ಯ. ಬಬಲೇಶ್ವರಕ್ಕೆ ಹೋಗಬೇಕಾದವನು ಮೊದಲು ಮುಂಬಯಿಗೆ ಹೋಗುವುದು ಲೇಸು, ಅಲ್ಲಿಂದ ಬಬಲೇಶ್ವರಕ್ಕೆ ಬರಲು ಯಾರ ಅಡ್ಡಿಯೂ ಇಲ್ಲ ಎಂಬ ತರ್ಕ ಇದರಲ್ಲಿ ಅಡಗಿದೆ. ಈ ತರ್ಕವನ್ನು ಖಂಡಿಸಿದವರು ಇದುವರೆಗೆ ಚಹಾದ ಬಿಲ್ಲು ಕೊಟ್ಟು ಎದ್ದು ಹೋಗಿದ್ದಾರೆ.

4. ದೂರ ಮತ್ತು ದರದ ಸೂತ್ರ

ತಿಕೋಟಾ ಸೀಮೆಯಲ್ಲಿ ಕಾಲೇಜಿನ ದೂರವನ್ನು ಒಣದ್ರಾಕ್ಷಿಯ ದರ ನಿರ್ಧರಿಸುತ್ತದೆ. ಸುಮಾರು ನಾಲ್ಕು ಕಿಲೋ ಹಸಿದ್ರಾಕ್ಷಿ ಒಣಗಿದರೆ ಒಂದು ಕಿಲೋ ಒಣದ್ರಾಕ್ಷಿ. ಬೇಸಿಗೆಯಲ್ಲಿ ಶೆಡ್ಡಿನಿಂದ ಇಳಿದ ಮಾಲು ಕೋಲ್ಡ್ ಸ್ಟೋರೇಜಿಗೆ, ಅಲ್ಲಿಂದ ವಿಜಯಪುರ ಇಲ್ಲವೆ ತಾಸಗಾಂವ ಪೇಟೆಗೆ ಹೋಗುವ ಹೊತ್ತಿಗೇ ಎಸ್ಸೆಸ್ಸೆಲ್ಸಿ ಫಲಿತಾಂಶವೂ ಬರುತ್ತದೆ. ದರ ಏರಿದ್ದರೆ ಬೆಂಗಳೂರು ಅಥವಾ ಮೂಡುಬಿದಿರೆ; ಸಾಧಾರಣವಿದ್ದರೆ ಧಾರವಾಡ; ಇಳಿದಿದ್ದರೆ ವಿಜಯಪುರ. ಅಕಾಲ ಮಳೆಗೆ ಸಿಕ್ಕು ಮಾಲು ಕಪ್ಪಾದ ವರ್ಷ ಊರಿನ ಸರಕಾರಿ ಪಿಯು ಕಾಲೇಜಿನಲ್ಲಿ ಅದುವರೆಗೆ ಕಾಣದಿದ್ದ ಗುಣಗಳೆಲ್ಲ ಕಾಣತೊಡಗುತ್ತವೆ.

ಬಬಲೇಶ್ವರದ ಕೃಷ್ಣಾ ದಂಡೆಯ ಕಡೆ ಒಣದ್ರಾಕ್ಷಿಯ ಜಾಗದಲ್ಲಿ ಕಬ್ಬಿನ ಬಿಲ್ಲನ್ನು ಇಟ್ಟು ಇದೇ ಸೂತ್ರ ಓದಿಕೊಳ್ಳಬೇಕು. ಬಿಲ್ಲು ಬರುವ ದಿನ ಯಾರಿಗೂ ಗೊತ್ತಿರದ ಕಾರಣ ಅಲ್ಲಿ ಪ್ರವೇಶವೂ ಕಂತಿನಲ್ಲಿ ಆಗುತ್ತದೆ.

ಉಪಸೂತ್ರ: ಫೀ ಹೆಚ್ಚಾದಷ್ಟೂ ಕಾಲೇಜು ಒಳ್ಳೆಯದು. ಪ್ರಮಾಣ: ಒಳ್ಳೆಯದಲ್ಲದಿದ್ದರೆ ಅಷ್ಟು ಫೀ ಯಾಕೆ ತೆಗೆದುಕೊಳ್ಳುತ್ತಿದ್ದರು?

5. ಪ್ರಚಲಿತ ಮತಗಳು, ಅವುಗಳ ಪರಿಶೀಲನೆ

*‘ಪಿಯು ಮಾರ್ಕ್ಸ್ ಬೇಕಾಗಿಲ್ಲ, ಸಿಇಟಿ ಸಾಕು.’* ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕದ ಅರ್ಧ, ಸಿಇಟಿ ಅಂಕದ ಅರ್ಧ ಸೇರುತ್ತದೆ. ಕೋಚಿಂಗಿನ ಭರದಲ್ಲಿ ಪಿಯು ಪುಸ್ತಕ ಮುಚ್ಚಿಟ್ಟವರು ರ‍್ಯಾಂಕಿನ ಅರ್ಧವನ್ನೇ ಮುಚ್ಚಿಟ್ಟಂತೆ. ವೈದ್ಯಕೀಯಕ್ಕೆ ಮಾತ್ರ ನೀಟ್ ರ‍್ಯಾಂಕೇ ಆಧಾರ. ಅಲ್ಲಿ ಪಿಯು ಅಂಕ ಅರ್ಹತೆಯ ಮಟ್ಟಿಗೆ ಸಾಕು.

*‘ಯಾವ ಕಾಂಬಿನೇಷನ್ ಆದರೇನು, ಎಲ್ಲ ಒಂದೇ.’* ಪಿಸಿಎಂಬಿ ಓದಿದವರಿಗೆ ನೀಟ್, ಸಿಇಟಿ ಎರಡೂ ತೆರೆದಿರುತ್ತವೆ. ಪಿಸಿಎಂಸಿಯಲ್ಲಿ ಜೀವಶಾಸ್ತ್ರವಿಲ್ಲ, ಮಗನನ್ನು ಡಾಕ್ಟರ್ ಮಾಡುವ ಹರಕೆ ಹೊತ್ತು ಪಿಸಿಎಂಸಿಗೆ ಸೇರಿಸಿದ ಮನೆಗಳಲ್ಲಿ ಇದು ಎರಡನೆಯ ವರ್ಷ ಬೆಳಕಿಗೆ ಬರುತ್ತದೆ. ಕಲಾ ವಿಭಾಗದ ಎಚ್‌ಇಪಿಎಸ್ ಯಾವ ಮತದಲ್ಲೂ ಕಾಣಿಸುವುದಿಲ್ಲ. ಅದನ್ನು ಓದಿದವನು ತಹಶೀಲ್ದಾರನಾಗಿ ಬಂದ ದಿನ ‘ಅಂವಾ ಮೊದಲಿಂದ್ಲೂ ಭಾಳ ಶ್ಯಾಣ್ಯಾ’ ಎಂಬ ಟಿಪ್ಪಣಿ ಸೇರುತ್ತದೆ.

*‘ಪಟ್ಟಣಕ್ಕೆ ಹೋದರೆ ಗ್ರಾಮೀಣ ಕೋಟಾ ಹೋಗತೈತಿ.’* ಸಿಇಟಿಯಲ್ಲಿ ಶೇ 15ರ ಗ್ರಾಮೀಣ ಮೀಸಲಾತಿ, ಶೇ 5ರ ಕನ್ನಡ ಮಾಧ್ಯಮ ಮೀಸಲಾತಿ ಎರಡಕ್ಕೂ ನೋಡುವುದು ಒಂದರಿಂದ ಹತ್ತನೆಯ ತರಗತಿಯವರೆಗಿನ ಓದನ್ನು. ಪಿಯು ಎಲ್ಲಿ ಓದಿದರೂ ಅದು ಬದಲಾಗದು. ಮಾಡಬೇಕಾದದ್ದು ಒಂದೇ: ಹಳೆಯ ಶಾಲೆಯಿಂದ ಸರ್ಟಿಫಿಕೇಟಿಗೆ ಸಹಿ ತರುವುದು. ಅದಕ್ಕೆ ಯಾವ ಸಲಹೆಗಾರನೂ ಜೊತೆಗೆ ಬರುವುದಿಲ್ಲ.

*‘ನಮಗೂ 371ಜೆ ಐತಿ.’* ಸಂವಿಧಾನದ ಈ ವಿಧಿಯ ಮೀಸಲಾತಿ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳಿಗೆ ಮಾತ್ರ. ವಿಜಯಪುರದ ವಿದ್ಯಾರ್ಥಿ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಬಸ್ಸಿನಲ್ಲೇ ಕಾಲೇಜಿಗೆ ಹೋಗುತ್ತಾನೆ, ಆದರೆ ಕಲ್ಯಾಣ ಕರ್ನಾಟಕದ ಕೋಟಾ ಅವನಿಗಿಲ್ಲ. ಬಸ್ಸಿನ ಬೋರ್ಡು ನೋಡಿ ಹುಟ್ಟಿದ ಮತ ಇದು.

6. ವಿರಳ ಪದ್ಧತಿ

ಅಪರೂಪಕ್ಕೆ ಇನ್ನೊಂದು ಪದ್ಧತಿಯೂ ಆಚರಣೆಯಲ್ಲಿದೆ. ವಿದ್ಯಾರ್ಥಿಯೇ ರವಿವಾರ ಬಿಟ್ಟು, ತರಗತಿ ನಡೆಯುವ ಒಂದು ದಿನ ಕಾಲೇಜಿಗೆ ಹೋಗಿ ನೋಡಿ ಬರುವುದು. ಅಲ್ಲಿ ಗಮನಿಸಬೇಕಾದವು: ಕೆಮಿಸ್ಟ್ರಿ ಲ್ಯಾಬಿನ ಪಿಪೆಟ್ಟು, ಬ್ಯೂರೆಟ್ಟುಗಳು ಹಸಿಯಾಗಿವೆಯೋ ಧೂಳು ಹಿಡಿದಿವೆಯೋ, ಲೈಬ್ರರಿ ಪುಸ್ತಕದ ಹಿಂದಿನ ಚೀಟಿಯಲ್ಲಿ ಕೊನೆಯ ತಾರೀಖು ಯಾವ ವರ್ಷದ್ದು, ಗಣಿತದ ಉಪನ್ಯಾಸಕರು ಕಾಯಮ್ಮೋ, ಅತಿಥಿಯೋ, ಇನ್ನೂ ಬರಬೇಕಾದವರೋ. ಎರಡನೆಯ ವರ್ಷದ ಹುಡುಗರನ್ನು ‘ಸರ್ ದಿನಾ ಬರ್ತಾರೇನು?’ ಎಂದು ಕೇಳಿದರೆ ಪ್ರಾಸ್ಪೆಕ್ಟಸ್ಸಿನಲ್ಲಿ ಇಲ್ಲದ ಉತ್ತರ ಸಿಗುತ್ತದೆ. ಕೊನೆಯ ತರಗತಿ ಬಿಡುವ ವೇಳೆಗೂ ತಿಕೋಟಾ, ಬಬಲೇಶ್ವರದ ಬಸ್ಸು ಬಿಡುವ ವೇಳೆಗೂ ಹೊಂದಿಕೆಯಿದೆಯೇ ಎಂದು ಕಡೆಗೆ ನೋಡಬೇಕು. ಇಷ್ಟಾದ ಮೇಲೆ ತನಗೆ ಯಾವ ವಿಷಯ ಓದುವ ಮನಸ್ಸಿದೆ ಎಂದು ವಿದ್ಯಾರ್ಥಿಯು ಮನೆಯಲ್ಲಿ ಹೇಳುತ್ತಾನೆ.

ಈ ಪದ್ಧತಿಗೆ ತಗಲುವ ವೆಚ್ಚ ಹೋಗಿ ಬರುವ ಬಸ್ ಚಾರ್ಜು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಅದೂ ಇಲ್ಲ. ಇಷ್ಟು ಅಗ್ಗದ ಪದ್ಧತಿಯಿಂದ ಒಳ್ಳೆಯ ಕಾಲೇಜು ಸಿಗುವುದು ನಾಲ್ಕನೆಯ ಪ್ರಕರಣದ ಉಪಸೂತ್ರಕ್ಕೆ ವಿರುದ್ಧವಾದ್ದರಿಂದ ಶಾಸ್ತ್ರಜ್ಞರು ಇದನ್ನು ಇನ್ನೂ ಅಂಗೀಕರಿಸಿಲ್ಲ.